ಬೋರ್ಡೋ ಹೊಡೆದ ದ್ರಾಕ್ಷಿಯ ವೈನ್ ಸಾವಯವವೇ? ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ ಯುರೋಪಿನ ಸಾವಯವ ವೈನ್ ತೋಟಗಳ ಬಗ್ಗೆ ಅರ್ಧ ಪುಟ ಬರೆದಿದ್ದೆ. ಒಂದೊಂದು ಮನೆತನವೇ ನಡೆಸುವ ತೋಟಗಳು, ರಾಸಾಯನಿಕ ಔಷಧಿ ಇಲ್ಲ, ಅದರಲ್ಲೂ ಬಯೋಡೈನಾಮಿಕ್ ಅನ್ನುವವರು ಹಸುವಿನ ಕೊಂಬಿನಲ್ಲಿ ಸಗಣಿ ತುಂಬಿ ಹೂಳುತ್ತಾರೆ, ಇಷ್ಟೇ ವಿಷಯ. ಅಷ್ಟಕ್ಕೇ ರಾಶಿ ಪತ್ರ ಬಂದಿವೆ. ಕುಡಿಯುವವರಿಗಿಂತ ಬೆಳೆಯುವವರೇ ಜಾಸ್ತಿ ಬರೆದಿದ್ದಾರೆ. ಕೆಲವನ್ನು ಇಲ್ಲಿ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಅಡಿಕೆ ಕೊಳೆಗೆ ನಾವು ಮಳೆಗಾಲದಲ್ಲಿ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಅದಕ್ಕೇ ನಮ್ಮ ತೋಟ ಸಾವಯವ ಅಲ್ಲ ಅಂತ ಊರಲ್ಲಿ ಹೇಳುವವರಿದ್ದಾರೆ. ಫ್ರಾನ್ಸಿನವರು ಅದನ್ನೇ ದ್ರಾಕ್ಷಿಗೆ ಹೊಡೆದು ಸಾವಯವ ವೈನ್ ಅಂತ ಮಾರುತ್ತಾರಂತೆ. ಇದು ಯಾವ ನ್ಯಾಯ?
– ಅಡಿಕೆ ಬೆಳೆಗಾರರು, ಶಿರಸಿ

ನೀವು ಕೇಳಿದ್ದು ನಿಜ ಮಾರಾಯರೇ. ಆ ದ್ರಾವಣ ಹುಟ್ಟಿದ್ದೇ ದ್ರಾಕ್ಷಿ ತೋಟದಲ್ಲಿ. ಬೋರ್ಡೋ ಪಟ್ಟಣದ ಹತ್ತಿರ ಮೆಡಾಕ್ ಅಂತ ಒಂದು ಸೀಮೆ. ಅಲ್ಲಿ ದಾರಿಹೋಕರು ಹಣ್ಣು ಕಿತ್ತು ತಿನ್ನುತ್ತಾರೆ ಅಂತ ರೈತರು ಸುಣ್ಣ, ಮೈಲುತುತ್ತ (ಅದು ತಾಮ್ರದ ಉಪ್ಪು) ಕಲಸಿ ರಸ್ತೆ ಬದಿಯ ಬಳ್ಳಿಗೆ ಎರಚಿಬಿಡುತ್ತಿದ್ದರು. ನೀಲಿ ನೀಲಿ ಕಂಡರೆ ಯಾರೂ ಬಾಯಿಗೆ ಹಾಕುವುದಿಲ್ಲ ಅಲ್ವಾ. ಅದೇ ಕಾಲಕ್ಕೆ ಅಮೆರಿಕದಿಂದ ಡೌನಿ ಎಂಬ ಬೂಷ್ಟು ರೋಗ ಬಂದು ಫ್ರಾನ್ಸಿನ ತೋಟಗಳೆಲ್ಲ ಎಲೆ ಉದುರಿಸಿಕೊಂಡು ನಿಂತಿದ್ದವು. 1882ರಲ್ಲಿ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಆ ಕಡೆ ಹೋದಾಗ ರಸ್ತೆ ಬದಿಯ ಸಾಲುಗಳಲ್ಲಿ ಮಾತ್ರ ಎಲೆ ಉಳಿದಿದ್ದು ಕಂಡಿತು. ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದರು. ಮುಂದೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಕೊಳೆರೋಗದ ಬೆನ್ನು ಹತ್ತಿ, ಅಡಿಕೆ ಗೊನೆಗೆ ಇದನ್ನೇ ಹೊಡೆಯಿರಿ ಅಂತ ಮಲೆನಾಡಿನವರಿಗೆ ತೋರಿಸಿಕೊಟ್ಟರು. ಅಲ್ಲಿಂದ ಇಲ್ಲಿವರೆಗೆ ನಿಮ್ಮ ಮರ ಹತ್ತುವ ಕೊನೆಗೌಡರು ಹೊಡೆಯುತ್ತಲೇ ಇದ್ದಾರೆ.

ಈಗ ನ್ಯಾಯದ ಮಾತು. ಸಾವಯವ ಅಂದರೆ ಏನನ್ನೂ ಹೊಡೆಯಬಾರದು ಅಂತ ಯಾವ ದೇಶದ ನಿಯಮವೂ ಹೇಳುವುದಿಲ್ಲ. ಕಾರ್ಖಾನೆಯಲ್ಲಿ ಸಂಶ್ಲೇಷಿಸಿದ ಕೀಟನಾಶಕ, ಶಿಲೀಂಧ್ರನಾಶಕ, ಕಳೆನಾಶಕ ಬೇಡ, ಯೂರಿಯಾ ಬೇಡ ಅನ್ನುತ್ತದೆ. ತಾಮ್ರಕ್ಕೆ, ಗಂಧಕಕ್ಕೆ ಹೆಚ್ಚಿನ ಕಡೆ ಅವಕಾಶ ಇದೆ. ನಮ್ಮ ದೇಶದ ಸಾವಯವ ನಿಯಮದಲ್ಲೂ ತಾಮ್ರವನ್ನು ಮಿತಿಯಲ್ಲಿ ಬಳಸಲು ಬಿಟ್ಟಿದ್ದಾರೆ. ಹಾಗಾಗಿ ನಿಮ್ಮ ಊರಿನವರ ಮಾತು ಅರ್ಧ ಮಾತ್ರ ಸರಿ.

ಮಿತಿ ಎಷ್ಟು ಅಂತ ಕೇಳಿ. ಯುರೋಪಿನಲ್ಲಿ 2019ರಿಂದ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕೆಜಿ ತಾಮ್ರ, ಅಂದರೆ ಸರಾಸರಿ ವರ್ಷಕ್ಕೆ 4 ಕೆಜಿ. ಇದು ತಾಮ್ರದ ಲೋಹದ ಲೆಕ್ಕ. ಮೈಲುತುತ್ತದಲ್ಲಿ ತಾಮ್ರ ಕಾಲು ಭಾಗ ಮಾತ್ರ. ನಮ್ಮ ಲೆಕ್ಕಕ್ಕೆ ತಂದರೆ ಎಕರೆಗೆ ಆರೂವರೆ ಕೆಜಿಗಿಂತ ತುಸು ಕಡಿಮೆ ಮೈಲುತುತ್ತ ಆಯಿತು. ಶೇಕಡ ಒಂದರ ದ್ರಾವಣವನ್ನು 200 ಲೀಟರಿನ ಡ್ರಮ್ಮಿನಲ್ಲಿ ಕಲಸಿದರೆ ಮೂರು ಡ್ರಮ್ಮು, ಇನ್ನೊಂದಿಷ್ಟು. ಅದೂ ಇಡೀ ವರ್ಷಕ್ಕೆ! ನಿಮ್ಮ ತೋಟಕ್ಕೆ ಒಂದು ಮಳೆಗಾಲದಲ್ಲಿ ಎಷ್ಟು ಡ್ರಮ್ಮು ಹೋಗುತ್ತದೆ ಅಂತ ನೀವೇ ಲೆಕ್ಕ ಹಾಕಿ ನೋಡಿ.

ತಾಮ್ರ ಕರಗಿ ಮಾಯವಾಗುವ ವಸ್ತು ಅಲ್ಲ. ಎಲೆಯಿಂದ ತೊಳೆದುಹೋಗಿ ಮಣ್ಣಿನಲ್ಲಿ ಕೂರುತ್ತದೆ, ವರ್ಷ ವರ್ಷ ಸೇರುತ್ತಾ ಹೋಗುತ್ತದೆ, ಎರೆಹುಳಕ್ಕೆ ಕಂಟಕ. ಸಾವಯವ ವೈನ್‌ನವರು ಈ ವಿಷಯ ಬಂದರೆ ಸ್ವಲ್ಪ ಮೆಲ್ಲಗೆ ಮಾತಾಡುತ್ತಾರೆ ಅನ್ನುವುದು ನನ್ನ ದೂರು. ಅದಕ್ಕೇ ಮಳೆ ಜಾಸ್ತಿ ಇರುವ ಕಡೆ ಕೆಲವು ಮನೆಗಳು ರೋಗ ತಡೆಯುವ ಹೊಸ ತಳಿಗಳನ್ನು ನೆಡುತ್ತಿವೆ. ರೆಜೆಂಟ್, ಸೊಲಾರಿಸ್ ಅಂತ ಹೆಸರು. ಔಷಧಿ ಬಹಳ ಕಮ್ಮಿ ಸಾಕು, ಆದರೆ ಹೆಸರು ಗೊತ್ತಿಲ್ಲದ ದ್ರಾಕ್ಷಿಯ ವೈನನ್ನು ಗಿರಾಕಿ ಕೊಳ್ಳುವುದಿಲ್ಲ ಅನ್ನುವ ಗೋಳೂ ಅವರದೇ.

ಪ್ರಶ್ನೆ: ಸಾವಯವ ಅಂತ ಬರೆದ ಕೂಡಲೇ ಬೆಲೆ ಏರುತ್ತದೆ. ಔಷಧಿ, ಗೊಬ್ಬರದ ಖರ್ಚು ಉಳಿಯುವಾಗ ಅಗ್ಗ ಆಗಬೇಕಲ್ಲ?
– ನಿವೃತ್ತ ಬ್ಯಾಂಕ್ ನೌಕರ, ಮೈಸೂರು

ಔಷಧಿ ಖರ್ಚು ಉಳಿದರೆ ಕೂಲಿ ಖರ್ಚು ಏರುತ್ತದೆ ಸಾರ್. ಕಳೆನಾಶಕ ಇಲ್ಲ ಅಂದ ಮೇಲೆ ಬಳ್ಳಿಯ ಬುಡದ ಹುಲ್ಲನ್ನು ಯಂತ್ರದಲ್ಲೋ ಕೈಯಲ್ಲೋ ತೆಗೆಯಬೇಕು. ಗೊಂಚಲಿಗೆ ಗಾಳಿಯಾಡಲಿ ಅಂತ ಸುತ್ತಲಿನ ಎಲೆ ಕೀಳಬೇಕು. ತಾಮ್ರ ಎಲೆಯ ಮೇಲೆ ಕೂತು ಕಾಯುತ್ತದೆ ಅಷ್ಟೇ, ಒಳಗೆ ಹೋಗುವುದಿಲ್ಲ. ಒಂದು ಜೋರು ಮಳೆ ಬಂತೋ, ಮತ್ತೆ ಹೊಡೆಯಬೇಕು, ಭಾನುವಾರವೇ ಆಗಲಿ ಹಬ್ಬವೇ ಆಗಲಿ. ಮನೆಯವರೇ ತೋಟದಲ್ಲಿದ್ದರೆ ಇದು ನಡೆಯುತ್ತದೆ, ಸಂಬಳದ ಮ್ಯಾನೇಜರ್ ಕೈಲಿ ಕಷ್ಟ.

ದೊಡ್ಡ ಖರ್ಚು ಮಾತ್ರ ಬೇರೆ ಕಡೆ ಇದೆ. ಬೆಳೆ ಹೋದ ವರ್ಷದ್ದು. ಬೋರ್ಡೋದ ಪೊಯಾಕ್ ಊರಿನಲ್ಲಿ ಶಾತೋ ಪೋಂತೆ-ಕಾನೆ ಅಂತ ಒಂದು ಹೆಸರಾಂತ ತೋಟ. ಸುಮಾರು 80 ಹೆಕ್ಟೇರ್, ಸಣ್ಣದೇನಲ್ಲ, ಆದರೆ 1975ರಿಂದ ತೆಸೆರೋಂ ಮನೆತನದ ಕೈಲಿದೆ. 2004ರಲ್ಲಿ ಬಯೋಡೈನಾಮಿಕ್‌ಗೆ ಹೊರಳಿದರು. 2007ರಲ್ಲಿ ಎಡೆಬಿಡದೆ ಮಳೆ, ಡೌನಿ ಏರಿತು. ಆಲ್ಫ್ರೆಡ್ ತೆಸೆರೋಂ ಹೆದರಿ ರಾಸಾಯನಿಕ ಹೊಡೆಸಿದರು. ಬೆಳೆ ಉಳಿಯಿತು, ಪ್ರಮಾಣಪತ್ರದ ದಾರಿಯಲ್ಲಿ ಮತ್ತೆ ಮೊದಲಿನಿಂದ ನಡೆಯಬೇಕಾಯಿತು. 2010ಕ್ಕೆ ಪತ್ರ ಸಿಕ್ಕಿತು. ಆಮೇಲೆ 2018 ಬಂತು, ಮತ್ತೆ ಅಂಥದೇ ಡೌನಿ. ಈ ಸಲ ಹೊಡೆಯಲಿಲ್ಲ. ಸುಮಾರು ಮೂರನೇ ಎರಡು ಪಾಲು ಬೆಳೆ ಹೋಯಿತು.

ಅವರ ಬಾಟಲಿ ದುಬಾರಿ, ಹಳೆಯ ಹೆಸರು, ತಡೆದುಕೊಂಡರು. ಐದಾರು ಹೆಕ್ಟೇರ್ ಇಟ್ಟುಕೊಂಡು ಬ್ಯಾಂಕ್ ಸಾಲದಲ್ಲಿ ಟ್ರಾಕ್ಟರ್ ತಂದ ಕುಟುಂಬಕ್ಕೆ ಅಂಥ ಒಂದು ವರ್ಷ ಬಂದರೆ ಮನೆ ಅಲ್ಲಾಡಿಹೋಗುತ್ತದೆ. ನೀವು ಕೊಡುವ ಹೆಚ್ಚಿನ ದುಡ್ಡಿನಲ್ಲಿ ಅಂಥ ವರ್ಷದ ವಿಮೆಯೂ ಸೇರಿದೆ ಅಂದುಕೊಳ್ಳಿ. ಬರೀ ಹಸಿರು ಲೇಬಲ್ ಅಂಟಿಸಿ ಬೆಲೆ ಏರಿಸುವ ದೊಡ್ಡ ಕಂಪನಿಗಳೂ ಇವೆ, ಅಲ್ಲಿ ನಿಮ್ಮ ಸಿಟ್ಟು ನ್ಯಾಯವಾದದ್ದೇ.

ಪ್ರಶ್ನೆ: ಕೊಂಬಿನಲ್ಲಿ ಸಗಣಿ, ಚಂದ್ರ ನೋಡಿ ಬಿತ್ತನೆ. ಇದೆಲ್ಲ ನಮ್ಮ ಪಂಚಾಂಗ, ಗೋಮಾತೆಯಿಂದಲೇ ಹೋದದ್ದು ಅಂತ ನಮ್ಮ ಗ್ರೂಪಿನಲ್ಲಿ ಮೆಸೇಜ್ ಓಡಾಡುತ್ತಿದೆ. ಹೌದಾ? ಮತ್ತೆ, ಇದು ಕೆಲಸ ಮಾಡುತ್ತದಾ?
– ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಮೆಸೇಜ್ ಡಿಲೀಟ್ ಮಾಡಿ. ಇದರ ಮೂಲ ರುಡಾಲ್ಫ್ ಸ್ಟೈನರ್ ಎಂಬ ಆಸ್ಟ್ರಿಯಾದ ಚಿಂತಕ. 1924ರ ಜೂನ್‌ನಲ್ಲಿ, ಆಗ ಜರ್ಮನಿಯಲ್ಲಿದ್ದ, ಈಗ ಪೋಲೆಂಡಿಗೆ ಸೇರಿದ ಕೋಬರ್‌ವಿಟ್ಸ್ ಎಂಬಲ್ಲಿ ರೈತರಿಗೆ ಎಂಟು ಉಪನ್ಯಾಸ ಕೊಟ್ಟರು. ರಾಸಾಯನಿಕ ಗೊಬ್ಬರ ಬಂದು ಮಣ್ಣು, ಬೀಜ ಸೊರಗುತ್ತಿವೆ ಅಂತ ಕೇಳಿಕೊಂಡು ಬಂದಿದ್ದ ರೈತರು ಅವರು. ತಮಾಷೆ ನೋಡಿ, ಸ್ಟೈನರ್‌ಗೆ ಮದ್ಯ ಆಗುತ್ತಿರಲಿಲ್ಲ, ಅದು ಮನುಷ್ಯನ ಒಳಗಿನ ಬೆಳವಣಿಗೆಗೆ ಅಡ್ಡಿ ಅಂತಲೇ ಹೇಳುತ್ತಿದ್ದರು. ಇವತ್ತು ಅವರ ಹೆಸರು ಜಗತ್ತಿನಲ್ಲಿ ಜಾಸ್ತಿ ಕೇಳಿಸುವುದು ವೈನ್‌ನವರ ಬಾಯಲ್ಲಿ.

ಕೊಂಬಿನ ಗೊಬ್ಬರ ಮಾಡುವುದು ಹೀಗೆ. ಹಾಲು ಕೊಡುವ ಹಸುವಿನ ಸಗಣಿಯನ್ನು ಹಸುವಿನ ಕೊಂಬಿಗೇ ಗಿಡಿದು ತುಂಬುತ್ತಾರೆ, ಎತ್ತಿನ ಕೊಂಬು ನಡೆಯದು. ಚಳಿ ಶುರುವಾಗುವ ಮುಂಚೆ ಗುಂಡಿಯಲ್ಲಿ ಸಾಲಾಗಿ ಇಟ್ಟು ಮಣ್ಣು ಮುಚ್ಚುತ್ತಾರೆ. ಆರು ತಿಂಗಳು ಬಿಟ್ಟು ತೆಗೆದರೆ ಸಗಣಿ ವಾಸನೆ ಹೋಗಿ, ಕಪ್ಪಗೆ, ಕಾಡಿನ ಮಣ್ಣಿನ ಘಮ. ಹೆಕ್ಟೇರಿಗೆ 100 ಗ್ರಾಂ ಆಸುಪಾಸು ತೆಗೆದುಕೊಂಡು ಉಗುರುಬೆಚ್ಚಗಿನ ಮಳೆನೀರಿಗೆ ಹಾಕಿ ಒಂದು ಗಂಟೆ ಕದಡಬೇಕು. ಒಂದು ದಿಕ್ಕಿಗೆ ಜೋರಾಗಿ ತಿರುಗಿಸಿ ನಡುವೆ ಸುಳಿ ಬೀಳಿಸಬೇಕು, ಸುಳಿ ತಳ ಮುಟ್ಟಿತು ಅನ್ನುವಾಗ ಫಕ್ಕನೆ ಉಲ್ಟಾ ತಿರುಗಿಸಿ ಅದನ್ನು ಒಡೆಯಬೇಕು, ಮತ್ತೆ ಸುಳಿ, ಮತ್ತೆ ಉಲ್ಟಾ. ತೋಳು ಸೋತುಹೋಗುವ ಕೆಲಸ. ಸಂಜೆ ಹೊತ್ತು ದೊಡ್ಡ ದೊಡ್ಡ ಹನಿಯಾಗಿ ನೆಲಕ್ಕೆ ಚಿಮುಕಿಸುತ್ತಾರೆ. ಇದಕ್ಕೆ 500 ಅಂತ ನಂಬರು. 501 ಅಂದರೆ ಬೆಣಚುಕಲ್ಲಿನ ನುಣ್ಣನೆ ಪುಡಿ, ಅದನ್ನೂ ಕೊಂಬಲ್ಲೇ ಹೂತು, ಬೆಳಗಿನ ಹೊತ್ತು ಎಲೆಗೆ ಮಂಜಿನಂತೆ ಸಿಂಪಡಿಸುವುದು.

ಪಂಚಾಂಗದ ಮಾತಿಗೆ ಬಂದರೆ, ಜರ್ಮನಿಯ ಮಾರಿಯಾ ಥುನ್ ಎಂಬಾಕೆ ಮಾಡಿದ ಕ್ಯಾಲೆಂಡರ್ ಹೆಚ್ಚಿನವರ ಗೋಡೆಯಲ್ಲಿರುತ್ತದೆ. ಚಂದ್ರ ಯಾವ ನಕ್ಷತ್ರಪುಂಜದ ಮುಂದೆ ಇದ್ದಾನೆ ಅನ್ನುವುದೇ ಅದರ ಲೆಕ್ಕ. ಮೇಷ, ಸಿಂಹ, ಧನು ಬಂದರೆ ಹಣ್ಣಿನ ದಿನ. ವೃಷಭ, ಕನ್ಯಾ, ಮಕರ ಬೇರಿನ ದಿನ. ಹಾಗೇ ಹೂವಿಗೆ, ಎಲೆಗೆ. ಆಕಾಶದಲ್ಲಿ ಕಣ್ಣಿಗೆ ಕಾಣುವ ಪುಂಜಗಳನ್ನೇ ಹಿಡಿಯುವುದರಿಂದ ಇದು ಪಾಶ್ಚಾತ್ಯ ಜ್ಯೋತಿಷ್ಯಕ್ಕಿಂತ ನಮ್ಮ ಪಂಚಾಂಗದ ಚಂದ್ರರಾಶಿಗೇ ಹತ್ತಿರ. ಇಷ್ಟು ಹೋಲಿಕೆ ಇದೆ ಅಂತ ನಮ್ಮಲ್ಲಿಂದ ಕದ್ದರು ಅನ್ನಲಾಗದು. ಅಸಲಿಗೆ ನಡೆದದ್ದು ತಿರುಗಾ ಮುರುಗಾ: 1990ರ ದಶಕದಲ್ಲಿ ನ್ಯೂಜಿಲೆಂಡಿನ ಪೀಟರ್ ಪ್ರಾಕ್ಟರ್ ಎಂಬ ಹಿರಿಯರು ಭಾರತಕ್ಕೆ ಬಂದು ನಮ್ಮ ರೈತರಿಗೆ ಕೊಂಬು ಹೂಳುವುದನ್ನು ಕಲಿಸಿದರು.

ಕೆಲಸ ಮಾಡುತ್ತದಾ? ಜರ್ಮನಿಯ ಗೈಸೆನ್‌ಹೈಮ್ ವೈನ್ ವಿಶ್ವವಿದ್ಯಾಲಯದವರು 2006ರಿಂದ ರೀಸ್ಲಿಂಗ್ ದ್ರಾಕ್ಷಿಯಲ್ಲಿ ಮೂರು ಪದ್ಧತಿಯನ್ನೂ ಪಕ್ಕಪಕ್ಕದಲ್ಲೇ ಮಾಡಿ ನೋಡುತ್ತಿದ್ದಾರೆ. ರಾಸಾಯನಿಕ ಬಳಸಿದ ಸಾಲಿಗೂ ಸಾವಯವ ಸಾಲಿಗೂ ವ್ಯತ್ಯಾಸ ಚೆನ್ನಾಗೇ ಕಂಡಿದೆ, ಸಾವಯವದಲ್ಲಿ ಬಳ್ಳಿಯ ಸೊಕ್ಕು ಕಡಿಮೆ, ಇಳುವರಿಯೂ ಕಡಿಮೆ. ಆದರೆ ಸಾವಯವಕ್ಕೂ ಕೊಂಬಿನ ಗೊಬ್ಬರ ಹಾಕಿದ ಬಯೋಡೈನಾಮಿಕ್‌ಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಕ್ಕಿಲ್ಲ. ಹಣ್ಣಿನ ದಿನ ಕುಡಿದರೆ ವೈನ್ ರುಚಿ ಜಾಸ್ತಿ ಅಂತ ಇನ್ನೊಂದು ನಂಬಿಕೆ. 2017ರಲ್ಲಿ ಪ್ರಕಟವಾದ ನ್ಯೂಜಿಲೆಂಡಿನ ಅಧ್ಯಯನದಲ್ಲಿ 19 ಪರಿಣತರಿಗೆ 12 ಪಿನೋ ನ್ವಾರ್ ವೈನ್‌ಗಳನ್ನು ಹೆಸರು ಮುಚ್ಚಿಟ್ಟು ಹಣ್ಣಿನ ದಿನವೂ ಬೇರಿನ ದಿನವೂ ಕುಡಿಸಿದರು. ಏನೂ ಫರಕು ಆಗಲಿಲ್ಲ.

ಹಾಗಿದ್ದರೆ ಇಷ್ಟು ದೊಡ್ಡ ದೊಡ್ಡ ಮನೆಗಳು ಯಾಕೆ ಮಾಡುತ್ತವೆ ಅಂತ ಕೇಳುತ್ತೀರಿ. ಫ್ರಾನ್ಸಿನ ಲ್ವಾರ್ ಕಣಿವೆಯ ನಿಕೊಲಾ ಜೋಲಿ ಅವರ ಕತೆ ಕೇಳಿ. ಅಮೆರಿಕದ ಬ್ಯಾಂಕ್ ಕೆಲಸ ಬಿಟ್ಟು ಮನೆಯ ತೋಟಕ್ಕೆ ಬಂದವರು. 1130ರಲ್ಲಿ ಕ್ರೈಸ್ತ ಸನ್ಯಾಸಿಗಳು ನೆಟ್ಟ, ಏಳು ಹೆಕ್ಟೇರಿನ ಕೂಲೆ ದ ಸೆರಾಂ ಅದು. ಸಲಹೆಗಾರರ ಮಾತು ಕೇಳಿ ಕಳೆನಾಶಕ ಹೊಡೆಸಿದರಂತೆ, ಎರಡೇ ವರ್ಷದಲ್ಲಿ ಮಣ್ಣಿನ ಬಣ್ಣ ಬದಲಾಯಿತು ಅಂತ ಅವರೇ ಹೇಳಿಕೊಂಡಿದ್ದಾರೆ. ಆಗ ಕೈಗೆ ಸಿಕ್ಕಿದ್ದು ಬಯೋಡೈನಾಮಿಕ್ ಬಗ್ಗೆ ಒಂದು ಪುಸ್ತಕ, 1980ರ ದಶಕದಲ್ಲಿ ಇಡೀ ತೋಟ ಆ ಕಡೆ ಹೊರಳಿತು, ಈಗ ಮಗಳು ನೋಡಿಕೊಳ್ಳುತ್ತಿದ್ದಾರೆ. ನನಗನ್ನಿಸುವುದು ಇಷ್ಟು: ಅಲ್ಲಿ ಮಣ್ಣು ಉಳಿಸಿದ್ದು ಕಳೆನಾಶಕ ನಿಲ್ಲಿಸಿದ್ದು, ಕಾಂಪೋಸ್ಟ್ ಹಾಕಿದ್ದು, ದಿನಾ ತೋಟ ಸುತ್ತಿದ್ದು. ಕೊಂಬಿಗೆ ಅದರ ಶ್ರೇಯಸ್ಸು ಕೊಡಲು ನಾನು ತಯಾರಿಲ್ಲ. ಜೋಲಿ ಇದನ್ನು ಖಂಡಿತ ಒಪ್ಪುವುದಿಲ್ಲ.

ಪ್ರಶ್ನೆ: ನಮ್ಮದು ನಾಲ್ಕು ಎಕರೆ ದ್ರಾಕ್ಷಿ ಪಡ ರೀ. ಅಣ್ಣತಮ್ಮಂದಿರ ಪಾಲಾದ ಮೇಲೆ ನಡುವೆ ಬದು ಮಾತ್ರ ಇದೆ. ನಾನು ಸಾವಯವ ಮಾಡಿದರೂ ಆ ಕಡೆಯಿಂದ ಔಷಧಿ ಗಾಳಿಗೆ ಬರುತ್ತದೆ. ಯುರೋಪಿನಲ್ಲಿ ಏನು ಮಾಡುತ್ತಾರೆ? ನಮ್ಮ ಕಡೆ ಸಾವಯವ ವೈನ್ ದ್ರಾಕ್ಷಿ ಸಾಧ್ಯವಾ?
– ದ್ರಾಕ್ಷಿ ಬೆಳೆಗಾರ, ವಿಜಯಪುರ

ಪಾಲಿನ ಕಷ್ಟ ಅವರಿಗೂ ತಪ್ಪಿಲ್ಲ. ಫ್ರಾನ್ಸಿನ ಬರ್ಗಂಡಿಯಲ್ಲಿ ಕ್ಲೋ ದ ವೂಜೋ ಅಂತ ಗೋಡೆ ಕಟ್ಟಿದ ಒಂದೇ ತೋಟ, ಸುಮಾರು 50 ಹೆಕ್ಟೇರ್, ಅದಕ್ಕೆ 80ರಷ್ಟು ಮಾಲೀಕರು. ಕೆಲವರದು ನಾಲ್ಕೇ ಸಾಲು. ಸಾವಯವದವರು ಬದುವಿನ ಪಕ್ಕದ ಸಾಲುಗಳ ಹಣ್ಣನ್ನು ಬೇರೆ ಕೊಯ್ದು ಬೇರೆ ಮಾರುತ್ತಾರೆ, ಇಲ್ಲವೇ ಬೇಲಿಗಿಡ ಎಬ್ಬಿಸುತ್ತಾರೆ. ಜರ್ಮನಿಯ ಮೋಸೆಲ್ ಕಣಿವೆಯ ಕಡಿದಾದ ಇಳಿಜಾರಿನಲ್ಲಿ ಹೆಲಿಕಾಪ್ಟರಿನಿಂದ ಔಷಧಿ ಹೊಡೆಯುವ ಪದ್ಧತಿ ಇದೆ. ಅಲ್ಲಿ ಸಾವಯವದವರ ಪಾಡು ನೀವೇ ಊಹಿಸಿ.

ಉಲ್ಟಾ ಜಗಳವೂ ಆಗಿದೆ. 2013ರಲ್ಲಿ ಬರ್ಗಂಡಿಯ ಒಂದು ಜಿಲ್ಲೆಯಲ್ಲಿ ಜಿಗಿಹುಳ ಹರಡುವ ಒಂದು ಹಳದಿ ರೋಗಕ್ಕೆ ಎಲ್ಲರೂ ಕೀಟನಾಶಕ ಹೊಡೆಯಲೇಬೇಕು ಅಂತ ಸರ್ಕಾರಿ ಆದೇಶ ಬಂತು. ಬೋನ್ ಊರಿನ ಎಮಾನ್ಯುಯೆಲ್ ಜಿಬುಲೋ ಎಂಬ ಬಯೋಡೈನಾಮಿಕ್ ರೈತ ಹೊಡೆಯುವುದಿಲ್ಲ ಅಂದರು. ತನ್ನ ತೋಟದಲ್ಲಿ ರೋಗವೇ ಇಲ್ಲ, ಸಾವಯವಕ್ಕೆ ಒಪ್ಪಿಗೆ ಇರುವ ಔಷಧಿಯೂ ಒಳ್ಳೆಯ ಹುಳಗಳನ್ನು ಕೊಲ್ಲುತ್ತದೆ ಅನ್ನುವುದು ಅವರ ವಾದ. 2014ರಲ್ಲಿ ಕೋರ್ಟು ದಂಡ ಹಾಕಿತು, ಅದೇ ವರ್ಷದ ಕೊನೆಗೆ ಮೇಲ್ಮನವಿಯಲ್ಲಿ ಗೆದ್ದರು. ಸಾವಿರಾರು ಜನ ಅವರ ಪರ ನಿಂತರು, ಅಕ್ಕಪಕ್ಕದ ರೈತರು ಮಾತ್ರ ಸಿಟ್ಟಾದರು. ಸಾವಯವದವರೂ ಕೆಲವರು ಅವರ ಜೊತೆ ನಿಲ್ಲಲಿಲ್ಲ. ರೋಗ ಬದು ನೋಡಿ ನಿಲ್ಲುವುದಿಲ್ಲ ಅಲ್ವಾ.

ಇನ್ನು ನಿಮ್ಮ ಪಡ. ಫ್ರಾನ್ಸಿನಲ್ಲಿ ಬಳ್ಳಿ ಚಳಿಗಾಲಕ್ಕೆ ಮಲಗುತ್ತದೆ, ನಿಮ್ಮಲ್ಲಿ ಮಲಗುವುದೇ ಇಲ್ಲ. ಅದಕ್ಕೇ ಬಳ್ಳಿ ಕತ್ತರಿಸುವುದು ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಅಂತ ಎರಡು ಸಲ. ಅಕ್ಟೋಬರ್ ಚಾಟ್ನಿ ಆದ ಮೇಲೆ ಕಣ್ಣು (ಚಿಗುರುವ ಮೊಗ್ಗು) ಒಟ್ಟಿಗೆ ಒಡೆಯಲಿ ಅಂತ ನೀವು ಹಚ್ಚುವ ಡಾರ್ಮೆಕ್ಸ್ ಪೇಸ್ಟ್ ಸಾವಯವದಲ್ಲಿ ನಡೆಯುವುದಿಲ್ಲ. ಗೊನೆ ಉದ್ದ ಆಗಲಿ, ಕಾಯಿ ದಪ್ಪ ಆಗಲಿ ಅಂತ ಅದ್ದುವ ಜಿ.ಎ. (ಜಿಬ್ಬರೆಲಿಕ್ ಆಮ್ಲ) ಕೂಡ ಇಲ್ಲ. ಎರಡನೆಯದು ವೈನ್ ದ್ರಾಕ್ಷಿಗೆ ಬೇಡವೇ ಬೇಡ, ಸಣ್ಣ ಕಾಯಿಯೇ ಅಲ್ಲಿ ಒಳ್ಳೆಯದು, ಸಿಪ್ಪೆಯ ಪಾಲು ಜಾಸ್ತಿ ಸಿಗುತ್ತದೆ. ಮೊದಲನೆಯದು ಬಿಟ್ಟರೆ ಕಣ್ಣು ಹಿಂದೆಮುಂದೆ ಒಡೆದು ಕೊಯ್ಲು ಎಳೆದಾಡುತ್ತದೆ. ಒಣ ಹವೆ ನಿಮ್ಮ ಭಾಗ್ಯ, ಅಕ್ಟೋಬರ್ ನಂತರ ಅಕಾಲ ಮಳೆ ಬಂದರೆ ಮಾತ್ರ ದಾವಣಿ, ಅಂದರೆ ಅದೇ ಡೌನಿ, ಬಿಡದು.

ಥಾಮ್ಸನ್ ತಳಿ ಒಣದ್ರಾಕ್ಷಿಗೆ ಸರಿ, ಒಳ್ಳೆಯ ವೈನ್‌ಗೆ ಶಿರಾಜ್, ಶೆನಿನ್ ಬ್ಲಾಂಕ್‌ನಂಥ ತಳಿ ಬೇಕು, ಅಂದರೆ ಹೊಸದಾಗಿ ನೆಡಬೇಕು. ಬಹುವಾರ್ಷಿಕ ಬೆಳೆ ಆದ್ದರಿಂದ ಪ್ರಮಾಣಪತ್ರಕ್ಕೆ ಮೂರು ವರ್ಷ ಕಾಯಬೇಕು, ಹೊಸ ಬಳ್ಳಿ ಫಸಲಿಗೆ ಬರುವುದೂ ಸುಮಾರು ಅಷ್ಟೇ ಹೊತ್ತಿಗೆ. ರಾಜ್ಯದಲ್ಲಿ 2007ರಿಂದ ವೈನ್ ನೀತಿ ಇದೆ, ವೈನ್ ಮಂಡಳಿ ಇದೆ, ಹೋಗಿ ವಿಚಾರಿಸಿ. ನೆಡುವ ಮೊದಲು ಕೊಳ್ಳುವ ವೈನರಿ ಜೊತೆ ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಳ್ಳಿ. ವೈನ್ ದ್ರಾಕ್ಷಿಯನ್ನು ಎ.ಪಿ.ಎಂ.ಸಿ.ಗೆ ಒಯ್ದು ಮಾರಲಾಗದು. ನಾಲ್ಕೂ ಎಕರೆ ಒಮ್ಮೆಗೇ ಬೇಡ, ಅಣ್ಣನ ಬದುವಿನಿಂದ ದೂರದ ಒಂದು ಎಕರೆಯಿಂದ ಶುರು ಮಾಡಿ.

ಪ್ರಶ್ನೆ: ಫ್ರಾಂಕ್‌ಫರ್ಟ್‌ನಲ್ಲಿದ್ದೇವೆ. ಅಂಗಡಿಯಲ್ಲಿ ಬಯೋ, ಡೆಮೆಟರ್, ಏನೂ ಬರೆಯದ ಬಾಟಲಿ, ಹತ್ತು ತರಹ ಇವೆ. ಯಾವುದು ಏನು?
– ಕನ್ನಡತಿ, ಜರ್ಮನಿ

ಬಯೋ ಅಂದರೆ ಸಾವಯವ. ಹಸಿರು ಎಲೆಯ ಗುರುತು ಇದ್ದರೆ ಯುರೋಪಿನ ಸಾವಯವ. 2012ರವರೆಗೆ ಸಾವಯವ ದ್ರಾಕ್ಷಿಯ ವೈನ್ ಅಂತ ಮಾತ್ರ ಬರೆಯಬಹುದಿತ್ತು, ಆಮೇಲೆ ವೈನ್ ತಯಾರಿಕೆಗೂ ನಿಯಮ ಬಂತು. ಉದಾಹರಣೆಗೆ ಡ್ರೈ (ಸಿಹಿ ಉಳಿಯದ) ಕೆಂಪು ವೈನ್‌ಗೆ ಕೆಡದಂತೆ ಹಾಕುವ ಗಂಧಕ (ಸಲ್ಫೈಟ್) ಲೀಟರಿಗೆ 100 ಮಿಲಿಗ್ರಾಂ ಮೀರಬಾರದು, ಸಾಮಾನ್ಯ ವೈನ್‌ಗೆ 150. ಡೆಮೆಟರ್ ಅಂದರೆ ಬಯೋಡೈನಾಮಿಕ್, 1928ರಿಂದ ಇರುವ ಗುರುತು, ನೆಲಮಾಳಿಗೆಯಲ್ಲಿ ವೈನ್ ಮಾಡುವ ನಿಯಮವೂ ಬಿಗಿ. ಪ್ಯಾಕೆಟ್ ಈಸ್ಟ್ ಸಾಮಾನ್ಯವಾಗಿ ಬಳಸುವಂತಿಲ್ಲ, ಹಣ್ಣಿನ ಮೇಲಿನ ಈಸ್ಟ್‌ನಲ್ಲೇ ಹುದುಗಬೇಕು. ಏನೂ ಬರೆಯದ ಬಾಟಲಿಯನ್ನು ತಳ್ಳಿಹಾಕಬೇಡಿ. ಕಾಗದಪತ್ರದ ಕಿರಿಕಿರಿಗೆ, ಇಲ್ಲವೇ ಕೆಟ್ಟ ವರ್ಷದ ಭಯಕ್ಕೆ ಪ್ರಮಾಣಪತ್ರದ ಗೋಜಿಗೇ ಹೋಗದ ಮನೆಗಳೂ ಇವೆ.

ನಿಮಗೆ ಒಂದು ಗಂಟೆಯ ದಾರಿಯಲ್ಲಿ ರೈನ್‌ಹೆಸೆನ್ ಇದೆ. ಅಲ್ಲಿ ವೆಸ್ಟ್‌ಹೋಫೆನ್ ಊರಿನ ವಿಟ್‌ಮನ್ ಮನೆಯವರು 1990ರಿಂದ ಸಾವಯವ, 2004ರಿಂದ ಬಯೋಡೈನಾಮಿಕ್. ಇನ್ನೂ ಮಜಾ ಬೇಕಾದರೆ ಸ್ಟ್ರೌಸ್‌ವಿರ್ಟ್‌ಶಾಫ್ಟ್ ಹುಡುಕಿ. ವೈನ್ ಬೆಳೆಯುವ ಮನೆಯವರು ವರ್ಷಕ್ಕೆ ಹೆಚ್ಚೆಂದರೆ ನಾಲ್ಕು ತಿಂಗಳು ತಮ್ಮ ಅಂಗಳದಲ್ಲೇ ಬೆಂಚು ಹಾಕಿ ತಮ್ಮ ವೈನ್, ಒಂದಿಷ್ಟು ತಿಂಡಿ ಕೊಡುತ್ತಾರೆ. ಬಾಗಿಲಿಗೆ ಹಸಿರು ಸೊಪ್ಪಿನ ಕಟ್ಟೋ ಪೊರಕೆಯೋ ನೇತುಹಾಕಿದ್ದರೆ ತೆರೆದಿದೆ ಅಂತ ಅರ್ಥ. ಬಡಿಸುವವರೇ ಬಳ್ಳಿ ಕತ್ತರಿಸುವವರು. ಹೋದ ಮಳೆ ವರ್ಷ ಏನು ಹೊಡೆದಿರಿ, ಎಷ್ಟು ಸಲ ಹೊಡೆದಿರಿ ಅಂತ ಸುಮ್ನೆ ಕೇಳಿ. ಹೆಚ್ಚಿನವರು ಬಾಯ್ತುಂಬ ಹೇಳುತ್ತಾರೆ.

ಪ್ರಶ್ನೆ: ಸಾವಯವ ವೈನ್ ಕುಡಿದರೆ ತಲೆನೋವು ಬರುವುದಿಲ್ಲವಂತೆ?
– ಹೆಸರು ಬೇಡ, ಮಂಗಳೂರು

ಜಾಸ್ತಿ ಕುಡಿದರೆ ಬರುತ್ತದೆ. ಎಲ್ಲರೂ ಗಂಧಕದ ಮೇಲೆ ಗೂಬೆ ಕೂರಿಸುತ್ತಾರೆ. ಹೊಂಬಣ್ಣದ ಒಣದ್ರಾಕ್ಷಿಗೆ ಗಂಧಕದ ಹೊಗೆ ಕೊಟ್ಟಿರುತ್ತಾರೆ, ತೂಕದ ಲೆಕ್ಕದಲ್ಲಿ ಅದರಲ್ಲಿ ವೈನ್‌ಗಿಂತ ಎಷ್ಟೋ ಪಟ್ಟು ಹೆಚ್ಚು. ಅದನ್ನು ಪಾಯಸದಲ್ಲಿ ತಿಂದು ತಲೆನೋವು ಅಂದವರನ್ನು ನಾನಂತೂ ಕಂಡಿಲ್ಲ. ಉಬ್ಬಸ ಇರುವವರು ಮಾತ್ರ ಗಂಧಕದ ವಿಷಯದಲ್ಲಿ ಹುಷಾರಾಗಿರಬೇಕು. ಹುದುಗುವಾಗ ಈಸ್ಟೇ ಸ್ವಲ್ಪ ಗಂಧಕ ಬಿಡುವುದರಿಂದ ಪೂರ್ತಿ ಗಂಧಕವಿಲ್ಲದ ವೈನ್ ಸಿಗುವುದು ಕಷ್ಟ.

ಪ್ರಶ್ನೆ: ಸಾವಯವ ಅಂದರೆ ಸಸ್ಯಾಹಾರಿ ಅಂತಲೇ ಅಲ್ಲವೇ?
– ಗೃಹಿಣಿ, ಧಾರವಾಡ

ಅಲ್ಲ ಮೇಡಂ. ವೈನ್ ತಿಳಿಯಾಗಲಿ ಅಂತ ಮೊಟ್ಟೆಯ ಬಿಳಿ, ಹಾಲಿನ ಕೇಸೀನ್, ಮೀನಿನ ಗಾಳಿಚೀಲದಿಂದ ತೆಗೆದ ಅಂಟು, ಇಂಥವನ್ನು ಹಾಕಿ ತಳಕ್ಕೆ ಇಳಿಸುವುದುಂಟು. ಸಾವಯವದಲ್ಲೂ ಇವಕ್ಕೆ ಅವಕಾಶ ಇದೆ. ಬೆಂಟೊನೈಟ್ ಜೇಡಿಯಲ್ಲಿ ತಿಳಿ ಮಾಡಿದ್ದೋ, ಸುಮ್ನೆ ಬಿಟ್ಟು ತಾನಾಗಿ ತಿಳಿಯಾದದ್ದೋ ಆದರೆ ಸರಿ. ಲೇಬಲ್ ಮೇಲೆ ವೀಗನ್ ಅಂತ ಬರೆದಿದ್ದನ್ನು ಹುಡುಕಿ. ಬಯೋಡೈನಾಮಿಕ್ ಆದರೆ ಇನ್ನೂ ತೊಡಕು. ಕೊಂಬಿನ ಜೊತೆಗೆ, ಕಾಂಪೋಸ್ಟಿಗೆ ಹಾಕುವ ಗಿಡಮೂಲಿಕೆಗಳನ್ನು ಜಿಂಕೆಯ ಮೂತ್ರಕೋಶ, ಹಸುವಿನ ಕರುಳು, ಸಾಕುಪ್ರಾಣಿಯ ತಲೆಬುರುಡೆಯಲ್ಲಿ ತುಂಬಿ ಹೂಳುತ್ತಾರೆ. ಅದು ಬಾಟಲಿಗೆ ಬರುವುದಿಲ್ಲ, ಮಣ್ಣಿಗೆ ಹೋಗುತ್ತದೆ. ನಿಮಗೆ ಅದು ಒಪ್ಪಿಗೆಯೋ ಇಲ್ಲವೋ ನೀವೇ ತೀರ್ಮಾನಿಸಿ.

ಪ್ರಶ್ನೆ: ಅಮ್ಮ ಮನೆಯಲ್ಲೇ ಹಿತ್ತಿಲ ಹಣ್ಣಿನಿಂದ ವೈನ್ ಮಾಡುತ್ತಾರೆ, ಏನೂ ಹೊಡೆಯುವುದಿಲ್ಲ. ಸಾವಯವ ಅಂತ ಬರೆದು ಹೋಂಸ್ಟೇ ಅತಿಥಿಗಳಿಗೆ ಮಾರಬಹುದಾ?
– ಮಡಿಕೇರಿ

ಸಾವಯವ ಅಂತ ಬರೆಯಲು ಪ್ರಮಾಣಪತ್ರ ಬೇಕು. ಮಾರಲು ಅಬಕಾರಿ ಲೈಸೆನ್ಸ್ ಬೇಕು, ಅದು ಮೊದಲನೆಯ ಕೆಲಸ. ಎರಡೂ ಆಗುವವರೆಗೆ ಲೇಬಲ್ ಅಂಟಿಸಲು ಹೋಗಬೇಡಿ.